ಮಗುವಿನ ಕಿವಿಯನ್ನು ಕಾಯಿಸುವುದಕ್ಕೆ ಸಬ್ರ್ ಎಂದು ಹೆಸರಿಡಬೇಡಿ

ನಮ್ಮ ಸಮುದಾಯದಲ್ಲಿ ಖರ್ಚಿಲ್ಲದೆ ಧಾರಾಳವಾಗಿ ಹಂಚಲಾಗುವ ವಸ್ತು ಒಂದಿದ್ದರೆ ಅದು ಸಬ್ರ್‌ನ ಉಪದೇಶ. ಮಳೆಗೆ ಮನೆ ಕುಸಿದವನಿಗೂ ಸಬ್ರ್, ಕೂಲಿ ಸಿಗದವನಿಗೂ ಸಬ್ರ್, ಮಗುವನ್ನು ಸೊಂಟದಲ್ಲಿಟ್ಟುಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ತಾಯಿಗೂ ಸಬ್ರ್. ಹೇಳುವವರು ಕೆಟ್ಟ ಮನಸ್ಸಿನವರಲ್ಲ. ಬೇರೇನು ಹೇಳಬೇಕೆಂದು ತೋಚದಾಗ ನಾಲಗೆಗೆ ಬರುವ ಮಾತು ಅದು. ಆದರೆ ಪವಿತ್ರ ಕುರ್‌ಆನ್ ಅಷ್ಟೊಂದು ಎತ್ತರದಲ್ಲಿಟ್ಟ ಈ ಪದವು ಇಂದು ವ್ಯವಸ್ಥೆಯ ಅಲಕ್ಷ್ಯಕ್ಕೆ ಹೊದಿಸುವ ಕಂಬಳಿಯಾಗಿಬಿಟ್ಟಿದೆ. ಆ ಕಂಬಳಿಯನ್ನು ಸ್ವಲ್ಪ ಸರಿಸಿ ನೋಡಬೇಕೆಂಬುದೇ ಈ ಬರಹದ ಉದ್ದೇಶ.

ನಮ್ಮ ಮದ್ರಸಾದಲ್ಲಿ ಕಲಿಯುವ ಹುಡುಗನೊಬ್ಬನ ತಂಗಿಗೆ ಈಗ 2 ವರ್ಷ 4 ತಿಂಗಳು. ಮಗು ಗುಂಡುಗುಂಡಾಗಿದೆ, ಓಡಾಡುತ್ತದೆ, ಕಣ್ಣಿಗೆ ಬಿದ್ದವರನ್ನೆಲ್ಲ ನೋಡಿ ನಗುತ್ತದೆ. ಆದರೆ ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಸ್ಟೀಲಿನ ತಟ್ಟೆ ನೆಲಕ್ಕೆ ಬಿದ್ದರೆ ಬೆಚ್ಚುವುದಿಲ್ಲ. ಮನೆ ಇರುವುದು ಮಸೀದಿಯ ಗೋಡೆಗೆ ತಾಗಿದಂತೆ. ಸುಬ್‌ಹಿಯ ಬಾಂಗ್‌ಗೆ ಕೇರಿಯ ಎಳೆ ಮಕ್ಕಳೆಲ್ಲ ಎದ್ದು ಅತ್ತರೂ ಈ ಮಗು ಮಾತ್ರ ನಿದ್ದೆಯಲ್ಲೇ ಇರುತ್ತದೆ. ತಾಯಿಗೆ ಇದು ಮಗುವಿನ 8ನೇ ತಿಂಗಳಿನಲ್ಲೇ ಗೊತ್ತಾಗಿತ್ತು. ಮನೆಯ ಹಿರಿಯರು ಒಪ್ಪಲಿಲ್ಲ. ಇದರ ಉಪ್ಪ ಕೂಡ ಮಾತನಾಡಿದ್ದು ತಡವಾಗಿಯೇ ಎಂದರು. ಒಂದೂವರೆ ವರ್ಷವಾದಾಗ ಆಶಾ ಕಾರ್ಯಕರ್ತೆಯೊಬ್ಬರು ಒತ್ತಾಯಿಸಿದ ಮೇಲೆ ತಾಲೂಕು ಆಸ್ಪತ್ರೆಗೆ ಹೋದರು. ಅಲ್ಲಿನ ವೈದ್ಯರು ಒಳ್ಳೆಯವರು, ಐದು ನಿಮಿಷದಲ್ಲಿ ವಿಷಯ ಅರಿತು, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿಂದ ಶುರುವಾಯಿತು ಈ ತಾಯಿಯ ಓಡಾಟ.

ಮೊದಲು ಹೋದ ದಿನ ತಿಳಿದದ್ದು, ಮಕ್ಕಳ ಶ್ರವಣ ಪರೀಕ್ಷೆ ನಡೆಯುವುದು ವಾರದಲ್ಲಿ ಒಂದೇ ದಿನ ಎಂದು, ಮತ್ತು ಅದು ಇವತ್ತಲ್ಲ ಎಂದು. ಎರಡು ತಿಂಗಳ ನಂತರದ ತಾರೀಖು ಸಿಕ್ಕಿತು. ಆ ತಾರೀಖಿಗೆ ಹೋದರೆ ತಜ್ಞರು ರಜೆಯಲ್ಲಿದ್ದರು. ರಜೆ ಅವರಿಗೂ ಬೇಕು, ನಾವು ಅದನ್ನು ಪ್ರಶ್ನಿಸುವುದಿಲ್ಲ. ಆದರೆ ಚೀಟಿಯ ಮೇಲೆ ಮೊಬೈಲ್ ಸಂಖ್ಯೆ ಬರೆಸಿಕೊಂಡವರು ಒಂದು ಕರೆ ಮಾಡಬಾರದಿತ್ತೇ? ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಮಗು ಮೂರು ಸಲ ವಾಂತಿ ಮಾಡಿಕೊಂಡ ಬಳಿಕ, ಮಧ್ಯಾಹ್ನ ಹನ್ನೆರಡಕ್ಕೆ ಕೌಂಟರಿನ ಗಾಜಿನ ಹಿಂದಿನಿಂದ ಬಂದದ್ದು ಇಷ್ಟೇ: "ಅಮ್ಮಾ, ಡಾಕ್ಟರು ಇಲ್ಲ, ಮುಂದಿನ ತಿಂಗಳು ಬನ್ನಿ." ಮುಂದಿನ ತಿಂಗಳು ಯಂತ್ರ ಕೆಟ್ಟಿತ್ತು.

ಮೂರನೆಯ ಸಲದ ಕಥೆ ಎಲ್ಲಕ್ಕಿಂತ ಕಠಿಣ. ಬೇರಾ ಎಂದು ಕರೆಯುವ ಈ ಪರೀಕ್ಷೆಯಲ್ಲಿ ಮಗುವಿನ ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ, ಕಿವಿಗೆ ಶಬ್ದ ಕೊಟ್ಟು, ಶ್ರವಣದ ನರದಿಂದಲೂ ಮಿದುಳಿನ ಕಾಂಡದಿಂದಲೂ ಬರುವ ಉತ್ತರವನ್ನು ಅಳೆಯುತ್ತಾರೆ. ಅದಕ್ಕೆ ಮಗು ಅಲುಗಾಡದೆ ಮಲಗಿರಬೇಕು. ಆದ್ದರಿಂದ ಹಿಂದಿನ ರಾತ್ರಿ ಮಗುವನ್ನು ನಿದ್ದೆಗೆಡಿಸಿ ಕರೆತರಲು ಹೇಳುತ್ತಾರೆ. ಈ ತಾಯಿ ರಾತ್ರಿ ಎರಡರವರೆಗೆ ಮಗುವನ್ನು ಆಡಿಸಿ, ಮುಖಕ್ಕೆ ನೀರು ಚಿಮುಕಿಸಿ ಎಚ್ಚರವಾಗಿಟ್ಟು, ಬೆಳಗಿನ ಮೊದಲ ಬಸ್ಸು ಹತ್ತಿದರು. ಬಸ್ಸಿನಲ್ಲೂ ನಿದ್ದೆ ಹೋಗಲು ಬಿಡಲಿಲ್ಲ. ಹತ್ತು ಗಂಟೆಗೆ ಕೊಟ್ಟಿದ್ದ ಸಮಯ ಹನ್ನೊಂದಾಯಿತು, ಹನ್ನೆರಡಾಯಿತು. ಮಗು ಅತ್ತು ಅತ್ತು ಬೆಂಚಿನ ಮೇಲೆಯೇ ಮಲಗಿತು. ಒಂದು ಗಂಟೆಯ ಹೊತ್ತಿಗೆ ಹೆಸರು ಕರೆದಾಗ, ಎತ್ತಿಕೊಂಡು ಒಳಗೆ ಹೋಗುವಷ್ಟರಲ್ಲಿ ಎಚ್ಚರವಾಯಿತು. ಆಮೇಲೆ ಮಲಗಲಿಲ್ಲ. ನಿದ್ದೆಯ ಔಷಧಿ ಕೊಟ್ಟು ಮಾಡಲು ಮಕ್ಕಳ ವೈದ್ಯರು ಜೊತೆಗಿರಬೇಕು, ಅವರು ಊಟಕ್ಕೆ ಹೋಗಿದ್ದಾರೆ, ಇನ್ನೊಂದು ತಾರೀಖು ಬರೆಸಿಕೊಳ್ಳಿ ಎಂದರು.

ಅವರು ನಮ್ಮೊಡನೆ ಹೇಳಿದ ಮಾತು ಇದು: "ಉಸ್ತಾದ್, ಕಾಯಿರಿ ಎಂದರೆ ಕಾಯುತ್ತೇನೆ. ಆದರೆ ಅವರೇ ಬರೆದುಕೊಟ್ಟ ತಾರೀಖಿಗೆ ಅವರು ಇರಬೇಕಲ್ಲ?"

ಈ ಪ್ರಶ್ನೆಗೆ ಸಬ್ರ್ ಎಂಬುದು ಉತ್ತರವಲ್ಲ. ತಾರೀಖು ಕೊಡುವುದು ಒಂದು ಮಾತು ಕೊಟ್ಟಂತೆ. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಅಮಾನತ್. ಮಾತು ಮುರಿದವನನ್ನು ಬಿಟ್ಟು, ಮಾತು ನಂಬಿ ಬಂದವಳಿಗೆ ಉಪದೇಶ ಮಾಡುವುದು ಯಾವ ದೀನ್?

ಈಗ ಕಾಲದ ಲೆಕ್ಕಕ್ಕೆ ಬರೋಣ. ಏಕೆಂದರೆ ದೊಡ್ಡವರ ಮಂಡಿನೋವು ಮೂರು ತಿಂಗಳು ಕಾಯುವುದಕ್ಕೂ ಎಳೆ ಮಗುವಿನ ಕಿವಿ ಮೂರು ತಿಂಗಳು ಕಾಯುವುದಕ್ಕೂ ಇರುವ ಅಂತರವನ್ನು ನಮ್ಮಲ್ಲಿ ಬಹಳ ಮಂದಿ ಅರಿತಿಲ್ಲ. ಶ್ರವಣ ವಿಜ್ಞಾನದಲ್ಲಿ 1-3-6 ಎಂಬ ಸೂತ್ರವೊಂದಿದೆ. ಹುಟ್ಟಿದ 1 ತಿಂಗಳೊಳಗೆ ಪ್ರಾಥಮಿಕ ಪರೀಕ್ಷೆ, 3 ತಿಂಗಳೊಳಗೆ ದೋಷವಿದೆಯೇ ಇಲ್ಲವೇ ಎಂಬ ಖಚಿತ ನಿರ್ಣಯ, 6 ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿಯ ಆರಂಭ. ಮಗು ಮಾತನಾಡಲು ತೊಡಗುವುದು ಒಂದು ವರ್ಷಕ್ಕಾದರೂ, ಭಾಷೆ ಒಳಗಿಳಿಯುವುದು ಹುಟ್ಟಿದ ಕ್ಷಣದಿಂದಲೇ. ಕಿವಿಯ ಮೂಲಕ ಶಬ್ದ ಬಾರದಿದ್ದರೆ, ಮಿದುಳಿನಲ್ಲಿ ಶಬ್ದಕ್ಕೆಂದು ಮೀಸಲಾದ ಭಾಗವು ಬಳಕೆಯಿಲ್ಲದೆ ಉಳಿಯುತ್ತದೆ, ಬೇರೆ ಕೆಲಸಗಳಿಗೆ ಒಗ್ಗಿಕೊಳ್ಳುತ್ತದೆ. ಮೊದಲ ಮೂರು ವರ್ಷಗಳಲ್ಲಿ ಸುಲಭವಾಗಿ ಆಗುವ ಕೆಲಸ ಆರನೇ ವರ್ಷದಲ್ಲಿ ಎಷ್ಟು ಹಣ ಸುರಿದರೂ ಅಷ್ಟು ಚೆನ್ನಾಗಿ ಆಗುವುದಿಲ್ಲ. ಈ ಹೆಣ್ಣು ಮಗುವಿನ ಪಾಲಿಗೆ ಸೂತ್ರದ ಮೂರೂ ಗಡುವುಗಳು ಪರೀಕ್ಷೆಯ ಕೋಣೆಯ ಬಾಗಿಲು ತೆರೆಯುವ ಮೊದಲೇ ದಾಟಿಹೋಗಿವೆ.

ಇನ್ನೂ ಒಂದು ವಿಚಿತ್ರವಿದೆ. ಹುಟ್ಟುಕಿವುಡಿನ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಲು ಕೇಂದ್ರ ಸರಕಾರದ ಎಡಿಪ್ ಯೋಜನೆಯಲ್ಲಿ ನೆರವು ದೊರೆಯುತ್ತದೆ. ಆದರೆ ಮಗುವಿಗೆ 5 ವರ್ಷ ದಾಟಿರಬಾರದು. ಈ ಮಿತಿ ನ್ಯಾಯವಾದದ್ದೇ, ವೈದ್ಯವಿಜ್ಞಾನವೇ ಅದನ್ನು ಹೇಳುತ್ತದೆ. ಹಾಗಿದ್ದರೆ ತಡವಾದರೆ ಪ್ರಯೋಜನವಿಲ್ಲವೆಂಬುದು ಸರಕಾರಕ್ಕೆ ಗೊತ್ತಿದೆ ಎಂದಾಯಿತು. ಮಗುವಿನ ವಯಸ್ಸಿಗೆ ಮಿತಿ ಹಾಕಿದವರು ಪರೀಕ್ಷೆಯ ವಿಳಂಬಕ್ಕೆ ಮಿತಿ ಹಾಕಿದ್ದಾರೆಯೇ? ಅರ್ಜಿ ತಿರಸ್ಕೃತವಾದರೆ ಕಡತದಲ್ಲಿ "ವಯೋಮಿತಿ ಮೀರಿದೆ" ಎಂದು ಬರೆಯಬಹುದು. ವಯಸ್ಸು ಮೀರಿದ್ದು ಯಾರ ಬಾಗಿಲಲ್ಲಿ ಕಾಯುವಾಗ ಎಂದು ಬರೆಯಲು ಆ ಕಡತದಲ್ಲಿ ಜಾಗವಿರುವುದಿಲ್ಲ.

ಕಿವಿಯದು ಮಾತ್ರವಲ್ಲ. ಹುಟ್ಟಿನಿಂದಲೇ ಕಣ್ಣಿನ ಪೊರೆ ಇದ್ದರೆ ಮೊದಲ ಕೆಲವು ವಾರಗಳೇ ಅಮೂಲ್ಯ. ಪಾದ ಒಳಕ್ಕೆ ತಿರುಗಿ ಹುಟ್ಟಿದ ಮಗುವಿಗೆ ಹುಟ್ಟಿದ ವಾರಗಳಲ್ಲೇ ಪಟ್ಟಿ ಹಾಕತೊಡಗಿದರೆ ದೊಡ್ಡ ಶಸ್ತ್ರಚಿಕಿತ್ಸೆಯಿಲ್ಲದೆ ಬಹುಪಾಲು ಸರಿಯಾಗುತ್ತದೆ. ಮೆಳ್ಳೆಗಣ್ಣನ್ನು ಅದೃಷ್ಟದ ಲಕ್ಷಣವೆಂದು ಬಿಟ್ಟುಬಿಡುವ ಮನೆಗಳು ಇಂದಿಗೂ ಇವೆ. ಎಳವೆಯಲ್ಲಿ ಚಿಕಿತ್ಸೆಯಾಗದಿದ್ದರೆ ಆ ಕಣ್ಣಿನ ದೃಷ್ಟಿಯೇ ಮಂಕಾಗುತ್ತದೆ.

ಇನ್ನು ಸಬ್ರ್‌ನ ವಿಷಯ. ಸಬ್ರ್ ಎಂದರೆ ಕೈಕಟ್ಟಿ ಕೂರುವುದು ಎಂದು ಯಾರು ಹೇಳಿದರು? ಸಬ್ರ್‌ಗೆ ಉದಾಹರಣೆಯಾಗಿ ಪ್ರವಚನಗಳಲ್ಲಿ ನಾವು ಕೇಳುವ ಹೆಸರು ಪ್ರವಾದಿ ಯಅಕೂಬ್(ಅ)ರದು. ಮಗನನ್ನು ಕಳೆದುಕೊಂಡಾಗ ಅವರು ಸುಂದರವಾದ ಸಹನೆಯನ್ನು ಆಶ್ರಯಿಸಿದರು ಎಂಬಲ್ಲಿಗೆ ಬಹಳ ಪ್ರವಚನಗಳು ನಿಂತುಬಿಡುತ್ತವೆ. ಸೂರಃ ಯೂಸುಫ್ ಅಲ್ಲಿಗೆ ನಿಲ್ಲುವುದಿಲ್ಲ. ಅದೇ ಯಅಕೂಬ್(ಅ) ತಮ್ಮ ಉಳಿದ ಮಕ್ಕಳನ್ನು ಕರೆದು, ಹೋಗಿ ಯೂಸುಫ್‌ನನ್ನೂ ಅವನ ತಮ್ಮನನ್ನೂ ಹುಡುಕಿರಿ, ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿ ಎಂದು ಕಳುಹಿಸಿದರು. ಅತ್ತು ಅತ್ತು ಕಣ್ಣು ಬೆಳ್ಳಗಾದ ತಂದೆ, ಅಷ್ಟು ವರ್ಷಗಳ ಮೇಲೂ ಹುಡುಕಾಟವನ್ನು ಬಿಡಲಿಲ್ಲ. ನಿರಾಶರಾಗದಿರುವುದು ಮತ್ತು ಹೋಗಿ ಹುಡುಕುವುದು, ಎರಡನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದರು.

ಹಾಜರಾ(ಅ)ರನ್ನು ನೆನೆಯಿರಿ. ನಿರ್ಜನ ಕಣಿವೆ, ಚರ್ಮದ ಚೀಲದಲ್ಲಿ ನೀರು ಮುಗಿದಿದೆ, ಎಳೆ ಮಗು ಇಸ್ಮಾಈಲ್(ಅ) ಬಾಯಾರಿ ಒದ್ದಾಡುತ್ತಿದ್ದಾರೆ. ಅಲ್ಲಾಹನು ನಮ್ಮನ್ನು ಕೈಬಿಡುವುದಿಲ್ಲ ಎಂದು ಆ ತಾಯಿ ಮೊದಲೇ ದೃಢವಾಗಿ ಹೇಳಿದ್ದರು. ಅವರಿಗಿಂತ ದೊಡ್ಡ ತವಕ್ಕುಲ್ ಯಾರಿಗಿದ್ದೀತು? ಹಾಗಿದ್ದೂ ಅವರು ಮಗುವಿನ ಪಕ್ಕದಲ್ಲಿ ಕುಳಿತು ನೀರು ತಾನಾಗಿ ಬರಲೆಂದು ಕಾಯಲಿಲ್ಲ. ಸಫಾ ಬೆಟ್ಟ ಹತ್ತಿದರು, ಯಾರಾದರೂ ಕಾಣುವರೇ ಎಂದು ನೋಡಿದರು, ಇಳಿದರು, ಕಣಿವೆಯ ತಗ್ಗಿನಲ್ಲಿ ಓಡಿದರು, ಮರ್ವಾ ಹತ್ತಿದರು. ಏಳು ಬಾರಿ. ಝಮ್‌ಝಮ್ ಚಿಮ್ಮಿದ್ದು ಆ ಓಟದ ನಂತರ. ಹಜ್ಜ್‌ಗೆ ಹೋದ ಅರಸನೂ ಆಳೂ ಇಂದಿಗೂ ಆ ತಾಯಿಯ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆಯಬೇಕು. ಆ ಕರ್ಮದ ಹೆಸರು ಸಈ, ಅಂದರೆ ಪ್ರಯತ್ನ. ಮಗುವಿಗಾಗಿ ತಾಯಿಯೊಬ್ಬಳು ಪಟ್ಟ ಗಾಬರಿಯ ಓಟವನ್ನು ಆರಾಧನೆಯಾಗಿಸಿದ ಧರ್ಮದ ಅನುಯಾಯಿಗಳು ನಾವು. ಘಟ್ಟ ಹತ್ತಿ ಇಳಿಯುವ ನಮ್ಮೂರಿನ ತಾಯಿಗೆ "ಯಾಕಮ್ಮಾ ಇಷ್ಟು ಗಾಬರಿ, ಸ್ವಲ್ಪ ಸಬ್ರ್ ಮಾಡು" ಎನ್ನುವ ಮೊದಲು ಇದನ್ನು ನೆನೆಯಬೇಡವೇ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ತಜ್ಞರು ಕಡಿಮೆ, ರೋಗಿಗಳು ಹೆಚ್ಚು, ಒಬ್ಬ ಆಡಿಯಾಲಜಿಸ್ಟ್ ಎಷ್ಟು ಮಕ್ಕಳನ್ನು ನೋಡಿಯಾರು ಎಂದು. ಈ ಮಾತಿನಲ್ಲಿ ಸತ್ಯವಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯಲೂ ಬಿಡುವಿಲ್ಲದೆ ದುಡಿಯುವ ವೈದ್ಯರನ್ನು ನಾವು ಕಂಡಿದ್ದೇವೆ, ಅವರ ಮೇಲೆ ಈ ಬರಹದ ಸಿಟ್ಟಿಲ್ಲ. ಆದರೆ ಕೊರತೆ ಎಂಬುದು ಸಾಲು ಏಕೆ ಉದ್ದವಾಗಿದೆ ಎಂಬುದಕ್ಕಷ್ಟೇ ಉತ್ತರ. ತಜ್ಞರು ರಜೆಯೆಂದು ಹಿಂದಿನ ದಿನ ಒಂದು ಕರೆ ಮಾಡಲು ಹೆಚ್ಚುವರಿ ತಜ್ಞರು ಬೇಕೇ? ಯಂತ್ರ ಕೆಟ್ಟಿದೆ ಎಂದು ಘಟ್ಟದ ಮೇಲಿನವರಿಗೆ ತಿಳಿಸಲು ಯಾವ ಅನುದಾನ ಬೇಕು? ನಿದ್ದೆಗೆಡಿಸಿ ತರಲು ಹೇಳಿದ ಮಗುವನ್ನು ಕೊಟ್ಟ ಸಮಯಕ್ಕೆ ಒಳಗೆ ಕರೆಯಲು ಯಾವ ಹೊಸ ಕಟ್ಟಡ ಬೇಕು? ಯಾರೋ ಬಾರದೆ ಖಾಲಿ ಉಳಿದ ತಾರೀಖನ್ನು ಕಾಯುತ್ತಿರುವ ಮುಂದಿನ ಮಗುವಿಗೆ ಕೊಡಲು ಒಂದು ನೋಟ್‌ಬುಕ್ ಮತ್ತು ಒಂದು ಫೋನ್ ಸಾಕು.

ಕೆಲವು ಆಸ್ಪತ್ರೆಗಳಲ್ಲಿ ಈಗ ಮೊಬೈಲಿನಲ್ಲೇ ತಾರೀಖು ಪಡೆಯುವ ಅನುಕೂಲ ಬಂದಿದೆ ಎನ್ನುತ್ತಾರೆ. ಒಳ್ಳೆಯದೇ. ಈ ತಾಯಿಯೂ ಅದಕ್ಕೆ ಪ್ರಯತ್ನಿಸಿದರು. ಆಧಾರ್‌ಗೆ ಜೋಡಿಸಿದ ಸಂಖ್ಯೆ ಗಂಡನದು, ಗಂಡ ಸೌದಿಯಲ್ಲಿ ಲಾರಿ ಓಡಿಸುತ್ತಾರೆ. ಇಲ್ಲಿ ಗುಂಡಿ ಒತ್ತಿದರೆ ಒಟಿಪಿ ಅಲ್ಲಿಗೆ ಹೋಗುತ್ತದೆ. ಅವರು ರಸ್ತೆಯಲ್ಲಿದ್ದು ಅದನ್ನು ನೋಡಿ ಕಳುಹಿಸುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ನಮ್ಮ ಎಷ್ಟು ಮನೆಗಳ ಕಥೆ ಇದು ಎಂದು ಓದುಗರೇ ಲೆಕ್ಕ ಹಾಕಲಿ. ಖಾಸಗಿಗೆ ಹೋಗಬಾರದೇ ಎಂದು ಕೇಳುವವರಿದ್ದಾರೆ. ಒಮ್ಮೆ ಹೋಗಿಬರುವ ಖರ್ಚಿಗೇ ಕಿವಿಯ ಓಲೆ ಅಡವಿಟ್ಟವರಿಗೆ ಆ ಪ್ರಶ್ನೆ ಕೇಳಬಾರದು.

ನಿಯಮಗಳ ಬಗ್ಗೆ ನಮ್ಮ ಇತಿಹಾಸದಲ್ಲಿ ಒಂದು ಘಟನೆಯಿದೆ. ಆಡಳಿತ ನಡೆಸುವ ಪ್ರತಿಯೊಬ್ಬನ ಮೇಜಿನ ಮೇಲೂ ಅದನ್ನು ಬರೆದಿಡಬೇಕು. ಹ. ಉಮರ್(ರ)ರ ಕಾಲದಲ್ಲಿ ಮಕ್ಕಳಿಗೆ ಖಜಾನೆಯಿಂದ ಭತ್ಯೆ ಸಿಗುತ್ತಿತ್ತು, ಆದರೆ ಮಗು ಎದೆಹಾಲು ಬಿಟ್ಟ ನಂತರ ಮಾತ್ರ. ಒಂದು ರಾತ್ರಿ ಮದೀನಾದ ಹೊರಗೆ ಬೀಡುಬಿಟ್ಟಿದ್ದ ವರ್ತಕರ ಗುಂಪಿಗೆ ಕಾವಲಿದ್ದ ಖಲೀಫರಿಗೆ ಮಗುವೊಂದರ ಅಳು ಕೇಳಿಸಿತು. ತಾಯಿಯ ಬಳಿ ಹೋಗಿ ಮಗುವನ್ನು ಸಂತೈಸಲು ಹೇಳಿ ಬಂದರು. ಮತ್ತೆ ಅಳು, ಮತ್ತೆ ಹೋದರು. ಮೂರನೆಯ ಬಾರಿ ಗದರಿಸಿದಾಗ, ಎದುರಿಗಿರುವವರು ಯಾರೆಂದು ಅರಿಯದ ಆ ತಾಯಿ ನಿಜವನ್ನು ಹೇಳಿಬಿಟ್ಟಳು: ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ, ಅದಕ್ಕಾಗಿ ಅವಧಿಗೆ ಮುನ್ನವೇ ಹಾಲು ಬಿಡಿಸುತ್ತಿದ್ದೇನೆ ಎಂದು. ಆ ದಿನದ ಫಜ್ರ್ ನಮಾಝ್‌ನಲ್ಲಿ ಉಮರ್(ರ)ರ ಪಾರಾಯಣ ಅಳುವಿನ ನಡುವೆ ಜನರಿಗೆ ಸರಿಯಾಗಿ ಕೇಳಿಸಲಿಲ್ಲ. ನಮಾಝ್ ಮುಗಿಸಿ, ಇನ್ನು ಮುಂದೆ ಹುಟ್ಟಿದ ಪ್ರತಿ ಮಗುವಿಗೂ ಹುಟ್ಟಿದಂದಿನಿಂದಲೇ ಭತ್ಯೆ ಎಂದು ಸಾರಿಸಿದರು, ಎಲ್ಲ ಪ್ರಾಂತಗಳಿಗೂ ಬರೆದು ಕಳುಹಿಸಿದರು.

ಗಮನಿಸಿ. ಆ ನಿಯಮ ದುರುದ್ದೇಶದ್ದಾಗಿರಲಿಲ್ಲ. ಲೆಕ್ಕದ ಅನುಕೂಲಕ್ಕಾಗಿ ಮಾಡಿದ ನಿಯಮ ಅದು, ಇಂದಿನ ಆಸ್ಪತ್ರೆಯ ನಿಯಮಗಳಂತೆಯೇ. ಅದು ತಾಯಿಯ ಕೈಯಿಂದಲೇ ಮಗುವಿಗೆ ನೋವು ಮಾಡಿಸುತ್ತಿದೆ ಎಂದು ತಿಳಿದ ಕೂಡಲೇ, ಅರ್ಧ ಜಗತ್ತನ್ನು ಆಳುತ್ತಿದ್ದವರು ಒಂದು ರಾತ್ರಿಯಲ್ಲಿ ಅದನ್ನು ಬದಲಾಯಿಸಿದರು. ತಾಯಿಗೆ ಸಬ್ರ್ ಬೋಧಿಸಲಿಲ್ಲ. ನಮ್ಮ ಜಿಲ್ಲೆಯೊಂದರ ಆಸ್ಪತ್ರೆಯಲ್ಲಿ ತಾರೀಖು ಕೊಡುವ ಕ್ರಮವನ್ನು ಬದಲಾಯಿಸಲು ಎಷ್ಟು ರಾತ್ರಿಗಳು ಬೇಕು?

ಬದಲಾಯಿಸಬೇಕಾದ ಮೊದಲ ಕ್ರಮ ಸಾಲಿನದೇ. ಮೊದಲು ಬಂದವರಿಗೆ ಮೊದಲು ಎಂಬುದು ಕೇಳಲು ನ್ಯಾಯದಂತಿದೆ. ಶ್ರವಣ ವಿಭಾಗದ ಮುಂದೆ ಹೊಸ ಯಂತ್ರಕ್ಕಾಗಿ ಬಂದ ಎಪ್ಪತ್ತರ ಅಜ್ಜನೂ, ನಾಲ್ಕು ತಿಂಗಳ ಹಸುಗೂಸೂ ಒಂದೇ ಸಾಲಿನಲ್ಲಿರುತ್ತಾರೆ. ಅಜ್ಜನಿಗೆ ತಿಂಗಳು ತಡವಾದರೆ ತೊಂದರೆ, ಕೂಸಿಗೆ ತಡವಾದರೆ ನಷ್ಟ. ಆ ನಷ್ಟ ಮರಳಿ ಬರುವಂಥದ್ದಲ್ಲ. ಹಿಂದೆ ನಿಂತ ಮಗುವಿನ ಅಳು ಕೇಳಿ, ಅದರ ತಾಯಿಗೆ ಕಷ್ಟವಾಗದಿರಲೆಂದು ಪ್ರವಾದಿವರ್ಯರು(ಸ) ನಮಾಝನ್ನೇ ಚಿಕ್ಕದಾಗಿಸುತ್ತಿದ್ದರು. ಮಗುವಿಗಾಗಿ ನಮಾಝ್ ಚಿಕ್ಕದಾಗಬಹುದಾದರೆ ಆಸ್ಪತ್ರೆಯ ಸಾಲು ಚಿಕ್ಕದಾಗಬಾರದೇ?

ಎರಡನೆಯದು ಸಾಲಿನ ಪಕ್ಕದ ಬಾಗಿಲು. ಇದನ್ನು ಬರೆಯುವಾಗ ನಮ್ಮವರಲ್ಲಿ ಹಲವರಿಗೆ ಬೇಸರವಾಗಬಹುದು, ಆಗಲಿ. ಶಾಸಕರ ಕಚೇರಿಯಿಂದ ಒಂದು ಕರೆ, ಆಡಳಿತ ಮಂಡಳಿಯಲ್ಲಿ ಪರಿಚಯದವರೊಬ್ಬರು, ದೊಡ್ಡ ದಾನಿಯ ವಿಸಿಟಿಂಗ್ ಕಾರ್ಡ್, ಇಷ್ಟಿದ್ದರೆ ಎರಡು ತಿಂಗಳ ತಾರೀಖು ಎರಡು ದಿನಕ್ಕೆ ಇಳಿಯುತ್ತದೆ. ಇಳಿಸಿಕೊಟ್ಟವರು ಅದನ್ನು ಸಮುದಾಯ ಸೇವೆಯೆಂದು ಹೇಳಿಕೊಳ್ಳುತ್ತಾರೆ. ಹೊಸ ತಜ್ಞರು ಆಕಾಶದಿಂದ ಇಳಿದರೇ? ಇಲ್ಲ. ಹೆಸರಿಲ್ಲದ ಯಾವುದೋ ಮಗುವಿನ ತಾರೀಖು ಮುಂದಕ್ಕೆ ಹೋಯಿತು, ಅಷ್ಟೇ. ಆ ಮಗುವಿನ ತಾಯಿಗೆ ಅದು ಗೊತ್ತಾಗುವುದೂ ಇಲ್ಲ. "ತುರ್ತು ಕೇಸ್ ಬಂತು" ಎಂದು ಕೌಂಟರಿನಲ್ಲಿ ಹೇಳುತ್ತಾರೆ. ಹಕ್ಕುಲ್ ಇಬಾದ್ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಾವು ಇದನ್ನು ಯಾವ ಲೆಕ್ಕದಲ್ಲಿ ಸೇರಿಸುತ್ತೇವೆ?

80ನೇ ಅಧ್ಯಾಯ ಸೂರಃ ಅಬಸ ಅವತೀರ್ಣವಾದ ಸಂದರ್ಭ ಎಲ್ಲರಿಗೂ ತಿಳಿದದ್ದೇ. ಕುರೈಶರ ಮುಖಂಡರೊಡನೆ ಪ್ರವಾದಿ(ಸ) ಮಾತನಾಡುತ್ತಿದ್ದರು. ಅವರು ಸತ್ಯವನ್ನು ಒಪ್ಪಿದರೆ ಎಷ್ಟೋ ಜನರಿಗೆ ಒಳಿತಾದೀತೆಂಬ ಶುದ್ಧ ಆಸೆ. ಆಗ ಕಣ್ಣು ಕಾಣದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಕಲಿಯುವ ಹಂಬಲದಿಂದ ಅಲ್ಲಿಗೆ ಬಂದರು. ಅವರತ್ತ ಗಮನ ಕೊಡದೆ ಹೋದುದಕ್ಕೆ ಅಲ್ಲಾಹನು ತನ್ನ ಪ್ರೀತಿಯ ಪ್ರವಾದಿಯನ್ನೇ ಎಚ್ಚರಿಸಿದನು. ಯಾವ ಸ್ವಾರ್ಥವೂ ಇಲ್ಲದ ಜಾಗದಲ್ಲೇ ಇಂತಹ ಎಚ್ಚರಿಕೆ ಬಂದಿರುವಾಗ, ಸ್ವಂತ ಪ್ರಭಾವದಿಂದ ಸಾಲು ದಾಟುವವರು ಯಾವ ಧೈರ್ಯದಲ್ಲಿದ್ದಾರೆ? ದೂರದಿಂದ ತಡವರಿಸುತ್ತಾ ಬಂದವರು ಹೊರಗೆ ನಿಂತಿದ್ದಾರೆ, ಮುಖಂಡರು ಒಳಗೆ ಕುಳಿತಿದ್ದಾರೆ. ಶತಮಾನಗಳು ಕಳೆದರೂ ದೃಶ್ಯ ಬಹಳ ಬದಲಾಗಿಲ್ಲ.

ಹಾಗಾದರೆ ಏನು ಕೇಳಬೇಕು? ಗಡುವು ಕೇಳಬೇಕು. ನಮ್ಮ ರಾಜ್ಯಕ್ಕೆ ಗಡುವು ಹೊಸದಲ್ಲ. 2011ರ ಕಾಯ್ದೆಯಂತೆ 2012ರಲ್ಲಿ ಸಕಾಲ ಜಾರಿಗೆ ಬಂತು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಮುಂತಾದ ಸೇವೆಗಳಿಗೆ ಇಷ್ಟು ದಿನ ಎಂದು ನಿಗದಿಯಾಯಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಯವರೆಗೆ ಅರ್ಜಿದಾರನಿಗೆ ಪರಿಹಾರ ಕೊಡಬೇಕೆಂದಾಯಿತು. ಮೊತ್ತ ಸಣ್ಣದು, ತತ್ವ ದೊಡ್ಡದು. ವಿಳಂಬಕ್ಕೆ ಹೊಣೆಗಾರರಿದ್ದಾರೆ ಎಂದು ಸರಕಾರವೇ ಒಪ್ಪಿಕೊಂಡ ತತ್ವ ಅದು. ಕಾಗದಕ್ಕೆ ಗಡುವು ಕೊಡಬಲ್ಲ ಸರಕಾರ ಮಗುವಿನ ಕಿವಿಗೆ ಏಕೆ ಕೊಡಬಾರದು? ಇಂಗ್ಲೆಂಡಿನ ಸರಕಾರಿ ಆರೋಗ್ಯ ವ್ಯವಸ್ಥೆಯಲ್ಲಿ, ತಜ್ಞರಲ್ಲಿಗೆ ಕಳುಹಿಸಿದ ತುರ್ತಲ್ಲದ ರೋಗಿಗೆ 18 ವಾರಗಳೊಳಗೆ ಚಿಕಿತ್ಸೆ ಆರಂಭವಾಗಬೇಕೆಂಬ ಮಾನದಂಡವಿದೆ. ಅದು ಅಲ್ಲಿಯೂ ಸರಿಯಾಗಿ ಪಾಲನೆಯಾಗುತ್ತಿಲ್ಲ, ಬಹಳ ಮಂದಿ ಅದಕ್ಕಿಂತ ಹೆಚ್ಚು ಕಾಯುತ್ತಿದ್ದಾರೆ. ಆದರೆ ಎಷ್ಟು ಜನ ಎಷ್ಟು ವಾರ ಕಾಯುತ್ತಿದ್ದಾರೆಂಬ ಅಂಕಿಯನ್ನು ತಿಂಗಳು ತಿಂಗಳೂ ಪ್ರಕಟಿಸುತ್ತಾರೆ. ಆ ಅಂಕಿಯನ್ನು ಹಿಡಿದು ಜನ ಮಂತ್ರಿಗಳನ್ನು ಪ್ರಶ್ನಿಸುತ್ತಾರೆ. ನಮ್ಮ ಈ ತಾಯಿಯ ಮೂರು ವ್ಯರ್ಥ ಪ್ರಯಾಣಗಳು ಯಾವ ಲೆಕ್ಕದ ಪುಸ್ತಕದಲ್ಲಿವೆ? ಆಸ್ಪತ್ರೆಯ ದಾಖಲೆಯಲ್ಲಿ ಅವರು ಇನ್ನೂ ಬಂದೇ ಇಲ್ಲ, ಏಕೆಂದರೆ ಪರೀಕ್ಷೆ ಆಗಿಲ್ಲ.

ಇರುವುದನ್ನೂ ಹೇಳಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಆಗಬೇಕು. ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಬರಬೇಕು. ದೋಷ ಕಂಡ ಮಗುವನ್ನು ಡಿಇಐಸಿ ಎಂಬ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. ಅಲ್ಲಿ ಮಕ್ಕಳ ವೈದ್ಯರಿಂದ ಹಿಡಿದು ವಾಕ್ ಚಿಕಿತ್ಸಕರವರೆಗೆ ಎಲ್ಲರೂ ಒಂದೇ ಕಡೆ ಸಿಗಬೇಕೆಂಬುದು ಯೋಜನೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಬೇರೆ ರಾಜ್ಯಗಳಿಂದ ಜನ ಅಲ್ಲಿಗೆ ಬರುತ್ತಾರೆ, ನಮ್ಮ ತಾಲೂಕಿನ ಎಷ್ಟೋ ಮನೆಗಳಿಗೆ ಅದರ ಹೆಸರೇ ತಿಳಿದಿಲ್ಲ. ಹೊರರಾಜ್ಯದವರು ನಮ್ಮ ಮನೆಯ ಬಾವಿಯ ನೀರು ಕುಡಿದು ಹೋಗುವಾಗ ನಾವು ಬಾಯಾರಿ ಕೂತಂತೆ ಇದು.

ಈಗ ನಮ್ಮ ಜಮಾಅತ್‌ಗಳ ಕಡೆ ತಿರುಗೋಣ. ಮಗುವಿನ ಕಾಯುವಿಕೆ ಆಸ್ಪತ್ರೆಯಲ್ಲಿ ಶುರುವಾಗುವುದಿಲ್ಲ, ಮನೆಯಲ್ಲಿ ಶುರುವಾಗುತ್ತದೆ. ಗಂಡು ಮಕ್ಕಳು ತಡವಾಗಿ ಮಾತನಾಡುತ್ತವೆ, ಅವನ ಅಜ್ಜನೂ ಹಾಗೆಯೇ ಇದ್ದ, ದೃಷ್ಟಿಯಾಗಿರಬೇಕು, ಒಂದು ನೂಲು ಕಟ್ಟಿಸಿ. ಈ ಮಾತುಗಳಲ್ಲಿ ಕಳೆದ ತಿಂಗಳುಗಳನ್ನು ಯಾವ ಸರಕಾರವೂ ತಿರುಗಿ ಕೊಡಲಾರದು. ದುಆ ಬೇಡವೆಂದು ಯಾರು ಹೇಳಿದರು? ದುಆ ಮಾಡುತ್ತಲೇ ಬಸ್ಸು ಹತ್ತಬಹುದು. ಹೆಣ್ಣು ಮಗುವಾದರೆ ಇನ್ನೊಂದು ಅಡ್ಡಿ. ಕಿವಿಗೆ ಯಂತ್ರ ಹಾಕಿಸಿದರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ, ನಾಳೆ ಮದುವೆಗೆ ತೊಡಕು ಎನ್ನುತ್ತಾರೆ. ಮಾತೇ ಬಾರದಿದ್ದರೆ ಗೊತ್ತಾಗುವುದಿಲ್ಲವೇ?

ನಮ್ಮ ಸೀಮೆಯ ಅನೇಕ ಮಸೀದಿಗಳ ಮುಂದೆ ಆಂಬುಲೆನ್ಸ್ ನಿಂತಿದೆ. ಅದನ್ನು ತಂದವರ ಉದಾರತೆಯನ್ನು ಅಲ್ಲಾಹನು ಸ್ವೀಕರಿಸಲಿ. ಆದರೆ ಅದು ಕೊನೆಯ ಗಳಿಗೆಯ ವಾಹನ. ಅದಕ್ಕೆ ಹಿಂದಿನ ಆರು ತಿಂಗಳು ತಾಯಿಯೊಬ್ಬಳು ಚೀಟಿ ಹಿಡಿದು ಅಲೆಯುವಾಗ ಜೊತೆಗೆ ಹೋಗಲು ಜನವಿಲ್ಲ. ಒಂದು ಜಮಾಅತ್‌ನಲ್ಲಿ ಡಿಗ್ರಿ ಓದುವ ಇಬ್ಬರು ಯುವಕ ಯುವತಿಯರು ಶುಕ್ರವಾರ ಜುಮುಅದ ನಂತರ ಒಂದು ಗಂಟೆ ಕುಳಿತರೆ ಸಾಕು: ಯಾವ ಮಗುವಿಗೆ ಯಾವ ತಾರೀಖು ಎಂದು ಬರೆದಿಟ್ಟುಕೊಳ್ಳಲು, ಹಿಂದಿನ ದಿನ ಆಸ್ಪತ್ರೆಗೆ ಕರೆ ಮಾಡಿ ತಜ್ಞರು ಇದ್ದಾರೆಯೇ, ಯಂತ್ರ ಸರಿಯಿದೆಯೇ ಎಂದು ಕೇಳಲು, ತಾಯಿಯ ಸ್ವಂತ ಸಂಖ್ಯೆಯನ್ನು ಆಧಾರ್‌ಗೆ ಜೋಡಿಸಿಕೊಡಲು. ಬಸ್ಸಿನ ಖರ್ಚಿಗೆ ಬಡವರಿಗೆ ಝಕಾತ್ ನಿಧಿಯಿಂದ ಕೊಡಿ. ವಾರ್ಷಿಕ ಕಾರ್ಯಕ್ರಮದ ಫ್ಲೆಕ್ಸ್ ಒಂದು ಕಡಿಮೆ ಮಾಡಿದರೂ ಇನ್ನೆರಡು ತಾಯಂದಿರ ಪ್ರಯಾಣ ನಡೆಯುತ್ತದೆ. ಇದು ಮುಸ್ಲಿಮರಿಗೆ ಮಾತ್ರ ಎಂದು ದಯವಿಟ್ಟು ಬರೆಯಬೇಡಿ. ಆ ಬೆಂಚಿನ ಮೇಲೆ ನಮ್ಮ ತಾಯಿಯ ಪಕ್ಕದಲ್ಲಿ ಕುಳಿತು, ಮಗುವಿಗೆ ತನ್ನ ಡಬ್ಬಿಯ ಗಂಜಿ ಕುಡಿಸಿದ ಹೆಂಗಸು ಮೂಡಿಗೆರೆ ಕಡೆಯ ಕಾಫಿ ತೋಟದ ಕಾರ್ಮಿಕಳು, ಅವಳಿಗೂ ಅದು ಮೂರನೆಯ ತಾರೀಖು.

ಇನ್ನು ಕಚೇರಿಗಳೊಡನೆ ಜಗಳ. ಪ್ರತಿಭಟನೆ, ಘೋಷಣೆಗಳಿಗಿಂತ ಮೊದಲು ಒಂದು ಕಾಗದ ಬರೆಯಿರಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿಗೆ ಅರ್ಜಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಅಷ್ಟು ಸಾಕು. ಕಳೆದ ಒಂದು ವರ್ಷದಲ್ಲಿ ನಮ್ಮ ತಾಲೂಕಿನಿಂದ ಡಿಇಐಸಿಗೆ ಶ್ರವಣ ದೋಷದ ಶಂಕೆಯಿಂದ ಕಳುಹಿಸಲಾದ 6 ವರ್ಷದೊಳಗಿನ ಮಕ್ಕಳೆಷ್ಟು? ಅವರಲ್ಲಿ ಪರೀಕ್ಷೆ ಆದವರೆಷ್ಟು? ಕಳುಹಿಸಿದ ದಿನಕ್ಕೂ ಪರೀಕ್ಷೆ ಆದ ದಿನಕ್ಕೂ ನಡುವಿನ ಅಂತರವೆಷ್ಟು? ಬೇರಾ ಯಂತ್ರ ಕೆಟ್ಟು ನಿಂತ ದಿನಗಳೆಷ್ಟು? ಮಗುವಿನ ಹೆಸರು ಬರೆಯಬೇಕಾಗಿಲ್ಲ, ಯಾರ ಮೇಲೂ ದೂರು ಹೇಳಬೇಕಾಗಿಲ್ಲ. ಅರ್ಜಿಯ ಕರಡನ್ನು ನಮ್ಮ ಮದ್ರಸಾದಲ್ಲಿ ಬರೆದಿಟ್ಟಿದ್ದೇವೆ, ಬೇಕಾದ ಜಮಾಅತ್‌ನವರು ಬಂದು ನಕಲು ಮಾಡಿಕೊಂಡು ತಮ್ಮ ತಾಲೂಕಿನ ಹೆಸರು ಹಾಕಿ ಕಳುಹಿಸಲಿ. ಅದಕ್ಕೆ ಉತ್ತರ ಕೊಡಲು ಕಾಯ್ದೆಯಲ್ಲಿ 30 ದಿನಗಳ ಗಡುವಿದೆ.